ಮೂರಂತಸ್ತಿನ ಗೊಬ್ಬರದ ಗಡಿಗೆ: ಕೊಳ್ಳಬಹುದು, ಆದರೆ ಪುಡಿ ಬೇಡ

ಒಂದರ ಮೇಲೊಂದು ಮೂರು ಮಣ್ಣಿನ ಗಡಿಗೆ, ಮೇಲೊಂದು ಮುಚ್ಚಳ. ಮೇಲಿನ ಎರಡಕ್ಕೆ ತಳದಲ್ಲಿ ನೈಲಾನ್ ಹಗ್ಗದ ಜಾಳಿಗೆ, ಕೆಳಗಿನದಕ್ಕೆ ಗಟ್ಟಿ ತಳ. ನಾಲ್ಕು ಜನರ ಮನೆಯಲ್ಲಿ ದಿನಕ್ಕೆ ಮುಕ್ಕಾಲು ಕಿಲೋ ಹಸಿ ಕಸ ಬಿದ್ದರೆ ಮೇಲಿನದು ತುಂಬಲು ಮೂರ್ನಾಲ್ಕು ವಾರ. ತುಂಬಿದ್ದನ್ನು ನಡುವಿಗಿಳಿಸಿ, ಖಾಲಿಯದನ್ನು ಮೇಲಿಡಿ. ಅದೂ ತುಂಬಿದಾಗ ನಡುವಿನದನ್ನು ತಳಕ್ಕೆ ಸುರಿದು ತಿಂಗಳು ಬಿಡಬೇಕು. ‘30 ದಿನಕ್ಕೆ ಗೊಬ್ಬರ’ ಎಂದು ಅಂಗಡಿಯವರು ಹೇಳಿದರೆ ನಕ್ಕು ಸುಮ್ಮನಾಗಿ. ಎರಡೂವರೆ–ಮೂರು ತಿಂಗಳು ಬೇಕೇ ಬೇಕು.

ನಾತ ಬಂದರೆ ಗಡಿಗೆಯನ್ನು ಬೈಯಬೇಡಿ. ನೀರು ಹೆಚ್ಚಾಗಿ ಒಳಗೆ ಗಾಳಿಯಾಡದಿರುವುದೇ ಕಾರಣ. ಒಂದು ಹಿಡಿ ತೆಗೆದು ಹಿಂಡಿ ನೋಡಿ: ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಂಡರೆ ಸರಿ, ಧಾರೆ ಇಳಿದರೆ ಒಣ ವಸ್ತು ಸಾಲದು. ಪ್ರತಿ ಸಲ ಕಸದಷ್ಟೇ ಅಳತೆಯ ಒಣ ವಸ್ತು ಬೆರೆಸಿ. ಜೊತೆಗೆ ಮಾರುವ ತೆಂಗಿನ ನಾರಿನ ಪುಡಿ ತುಟ್ಟಿ. ನಮ್ಮ ಕಡೆ ತರಗೆಲೆ, ಪುಡಿ ಮಾಡಿದ ಶೇಂಗಾ ಸಿಪ್ಪೆ ಸಾಕು. ಧಾರವಾಡದ ಜುಲೈ ಜಿಟಿಜಿಟಿಯಲ್ಲಿ ಅದನ್ನೇ ಇಮ್ಮಡಿ ಮಾಡಿ, ಗಡಿಗೆಯನ್ನು ಸೂರಿನ ಕೆಳಗಿಡಿ. ಹುಬ್ಬಳ್ಳಿಯ ಏಪ್ರಿಲ್ ಬಿಸಿಲಿಗೆ ಒಳಗೆಲ್ಲ ಒಣಗಿದರೆ ಹುಳಿ ಮಜ್ಜಿಗೆಯ ನೀರು ಚಿಮುಕಿಸಿ. ಬಿಳಿ ಬೂಷ್ಟು ಬಂದರೆ ಒಳ್ಳೆಯದೇ. ಹುಳುಗಳಿಗೆ ಹೆದರಬೇಕಿಲ್ಲ, ಅವು ತೇವ ಹೆಚ್ಚಾದ ಸುಳಿವು. ಆಪೂಸಿನ ಗೊರಟೆ, ತೆಂಗಿನ ಚಿಪ್ಪು, ಎಲುಬು ಮಾತ್ರ ಹಾಕಬೇಡಿ. ಅವು ತಿಂಗಳುಗಟ್ಟಲೆ ಹಾಗೆಯೇ ಉಳಿಯುತ್ತವೆ.

ನಮ್ಮ ಲೆಕ್ಕದಲ್ಲಿ ನಿಜವಾದ ಲಾಭ ಗೊಬ್ಬರಕ್ಕಿಂತ ಒಣ ಕಸದ ಬುಟ್ಟಿಯಲ್ಲಿದೆ. ಸಾರು ಸುರಿದ ರದ್ದಿಗೆ ಗುಜರಿಯವರು ಕಾಸೂ ಕೊಡುವುದಿಲ್ಲ. ಹಸಿ ಕಸ ಗಡಿಗೆಗೆ ಹೋದರೆ ರಟ್ಟು, ಬಾಟಲಿ, ಹಾಲಿನ ಪ್ಯಾಕೆಟ್ ಮಾರುವ ಸ್ಥಿತಿಯಲ್ಲಿ ಉಳಿಯುತ್ತವೆ. ಪ್ಯಾಕೆಟ್‌ನ ಮೂಲೆ ಕತ್ತರಿಸುವಾಗ ತುಂಡು ಬೇರ್ಪಡಿಸದೆ ಅಂಟಿಕೊಂಡಂತೆಯೇ ಬಿಡಿ. ಆ ಚಿಕ್ಕ ತುಂಡು ಕಸದಲ್ಲಿ ಕಳೆದರೆ ಯಾರೂ ಆರಿಸಲಾರರು. ತೊಳೆದು, ಒಣಗಿಸಿ ಕೊಡಿ. ಪೇಢೆ ಡಬ್ಬಿಯೊಳಗಿನ ಪ್ಲಾಸ್ಟಿಕ್ ಹಾಳೆ ತೆಗೆದರೆ ರಟ್ಟು ರದ್ದಿಗೆ ಹೋಗುತ್ತದೆ. ಗಿರಮಿಟ್ ಕಟ್ಟಿದ ಎಣ್ಣೆ ಕಾಗದವನ್ನು ಹರಿದು ಗಡಿಗೆಗೆ ಹಾಕಿ. ಚಿಪ್ಸ್ ಪ್ಯಾಕೆಟ್‌ನಲ್ಲಿ ಪ್ಲಾಸ್ಟಿಕ್, ಅಲ್ಯೂಮಿನಿಯಂ ಪದರ ಒಂದಕ್ಕೊಂದು ಅಂಟಿರುವುದರಿಂದ ಗುಜರಿಯವರು ಮುಟ್ಟುವುದಿಲ್ಲ. ಅದನ್ನು ಪಾಲಿಕೆ ಗಾಡಿಯ ಒಣ ಕಸಕ್ಕೆ ಹಾಕಿ. ಪ್ಯಾಡ್, ಡೈಪರ್ ಕಾಗದದಲ್ಲಿ ಸುತ್ತಿ ಬೇರೆಯೇ ಕೊಡಬೇಕು.

ಕೊರತೆಯೂ ಇದೆ. ಹಗ್ಗ ಸಡಿಲಾದರೆ ಕಸ ಕೆಳಗೆ ಜಾರುತ್ತದೆ, ತುಂಬಿದ ಗಡಿಗೆ ಎತ್ತಲು ಇಬ್ಬರು ಬೇಕು. ಕೊಳ್ಳುವಾಗ ಬೆರಳಿನಿಂದ ತಟ್ಟಿ, ಖಣ್ ಎನ್ನದೆ ಒಡಕು ದನಿ ಬಂದರೆ ಬಿರುಕಿದೆ. ಜಾಳಿಗೆಯ ಗಂಟನ್ನು ಅಂಗಡಿಯಲ್ಲೇ ಜಗ್ಗಿ ನೋಡಿ.