ಯೂರೋಸ್ಟಾಟ್ ದತ್ತಾಂಶ ಸೇವೆ: ಉತ್ಪಾದಕತೆಯ ಲೆಕ್ಕ ಹುಡುಕುವವರ ಕಣ್ಣಿನಲ್ಲಿ

ಯುರೋಪಿಯನ್ ಒಕ್ಕೂಟದ 27 ದೇಶಗಳಲ್ಲಿ ಕಾರ್ಮಿಕ ಉತ್ಪಾದಕತೆ, ಅಂದರೆ ಒಬ್ಬ ಉದ್ಯೋಗಿಯ ಅಥವಾ ಒಂದು ಗಂಟೆಯ ದುಡಿಮೆಯಿಂದ ಬರುವ ಉತ್ಪನ್ನ, ಹೇಗೆ ಬೆಳೆಯುತ್ತಿದೆ ಎಂದು ತಿಳಿಯಬಯಸುವವರು ಇಂದಲ್ಲ ನಾಳೆ ಯೂರೋಸ್ಟಾಟ್‌ನ ಬಾಗಿಲಿಗೆ ಬರಲೇಬೇಕು. ಲಕ್ಸೆಂಬರ್ಗಿನಲ್ಲಿರುವ, ಒಕ್ಕೂಟದ ಈ ಅಂಕಿಅಂಶ ಕಚೇರಿಯ ಜಾಲತಾಣದಲ್ಲಿ ಯಾರು ಬೇಕಾದರೂ ಹಣ ತೆರದೆ ಕೋಷ್ಟಕಗಳನ್ನು ನೋಡಬಹುದು, ಇಳಿಸಿಕೊಳ್ಳಬಹುದು. ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇಷ್ಟು ಉದಾರವಾದ ಸೇವೆ ಬೇರೆಡೆ ಸಿಗುವುದು ಅಪರೂಪ. ಆದರೆ ಬೆಳವಣಿಗೆಯನ್ನು ಅರಸಿ ಹೋದವರ ಕೈಗೆ ಸುಲಭವಾಗಿ ಸಿಗುವುದು ಬೆಳವಣಿಗೆಯನ್ನು ಅಳೆಯಲು ಉದ್ದೇಶಿಸದ ಒಂದು ಕೋಷ್ಟಕ ಎಂಬುದು ನನ್ನ ಮುಖ್ಯ ಆಕ್ಷೇಪ.

ಆ ಕೋಷ್ಟಕದಲ್ಲಿ ಒಕ್ಕೂಟದ ಸರಾಸರಿಯನ್ನು 100 ಎಂದಿಟ್ಟು, ದೇಶದಿಂದ ದೇಶಕ್ಕೆ ಬದಲಾಗುವ ಬೆಲೆಗಳನ್ನು ಸರಿದೂಗಿಸಿ, ಪ್ರತಿ ದೇಶದ ಉತ್ಪಾದಕತೆಯನ್ನು ಸೂಚ್ಯಂಕವಾಗಿ ಕೊಡಲಾಗುತ್ತದೆ. ಮೇಲ್ತುದಿಯಲ್ಲಿ ಐರ್ಲೆಂಡ್ ಮತ್ತು ಲಕ್ಸೆಂಬರ್ಗ್, ಕೆಳಗೆ ಬಹುಕಾಲದಿಂದ ಬಲ್ಗೇರಿಯ. ಅಕ್ಕಪಕ್ಕದ ದೇಶಗಳನ್ನು ಒಂದೇ ವರ್ಷದಲ್ಲಿಟ್ಟು ಹೋಲಿಸಲು ಇದು ಸೊಗಸಾದ ಸಾಧನ. ವರ್ಷದಿಂದ ವರ್ಷಕ್ಕೆ ಓದಿಕೊಂಡು ಹೋದರೆ ದಾರಿ ತಪ್ಪುತ್ತದೆ, ಏಕೆಂದರೆ 100ರ ಗೆರೆಯೇ ಪ್ರತಿವರ್ಷ ಸರಿಯುತ್ತಿರುತ್ತದೆ. ಇಟಲಿಯ ಸೂಚ್ಯಂಕ 2000ದಿಂದೀಚೆಗೆ ಇಳಿದಿರುವುದನ್ನು ಕಂಡು ಅಲ್ಲಿನ ಕಾರ್ಮಿಕರು ಮೊದಲಿಗಿಂತ ಕಡಿಮೆ ಉತ್ಪಾದಿಸುತ್ತಿದ್ದಾರೆಂದು ಭಾವಿಸಬಾರದು. ಇಟಲಿ ಹೆಚ್ಚುಕಡಿಮೆ ನಿಂತಲ್ಲೇ ನಿಂತಿತು, ಉಳಿದವರು ಮುಂದೆ ನಡೆದರು, ಅಷ್ಟೆ. ಈ ಎಚ್ಚರಿಕೆ ಯೂರೋಸ್ಟಾಟ್‌ನ ವಿವರಣೆಯಲ್ಲಿ ಇದೆ, ಆದರೆ ವಿವರಣೆಯನ್ನು ಓದುವವರೆಷ್ಟು ಮಂದಿ?

ನಿಜವಾದ ಬೆಳವಣಿಗೆ ಬೇಕಿದ್ದರೆ ರಾಷ್ಟ್ರೀಯ ಲೆಕ್ಕಗಳ ವಿಭಾಗಕ್ಕೆ ಇಳಿದು, ಬೆಲೆಯೇರಿಕೆಯನ್ನು ಕಳೆದು ಸಿದ್ಧಪಡಿಸಿದ ಉತ್ಪಾದಕತೆಯ ಕೋಷ್ಟಕವನ್ನು ತೆರೆಯಬೇಕು. ಅಲ್ಲಿ ಪ್ರತಿ ಉದ್ಯೋಗಿಗೆ ಮತ್ತು ದುಡಿದ ಪ್ರತಿ ಗಂಟೆಗೆ ಎಂಬ ಎರಡು ಅಳತೆಗಳಿವೆ. ಇವೆರಡರ ನಡುವಿನ ವ್ಯತ್ಯಾಸ ಎಷ್ಟೆಂಬುದಕ್ಕೆ 2020ನೇ ಸಾಲನ್ನು ನೋಡಿದರೆ ಸಾಕು: ಕೊರೊನಾ ಕಾಲದಲ್ಲಿ ಸರ್ಕಾರಗಳ ನೆರವಿನಿಂದ ಜನ ಉದ್ಯೋಗದಲ್ಲೇ ಉಳಿದು ಕೆಲಸದ ಗಂಟೆಗಳು ಮಾತ್ರ ಕುಸಿದುದರಿಂದ, ತಲೆಲೆಕ್ಕದ ಉತ್ಪಾದಕತೆ ಇಳಿಯಿತು, ಗಂಟೆಲೆಕ್ಕದ್ದು ಏರಿತು. ಗಂಟೆಯ ಅಳತೆಯನ್ನೇ ನಾನು ಹೆಚ್ಚು ನಂಬುತ್ತೇನೆ.

ಐರ್ಲೆಂಡಿನ ಅಂಕಿಯನ್ನು ಮಾತ್ರ ಯಾವ ಅಳತೆಯಲ್ಲೂ ನೇರವಾಗಿ ನಂಬಲಾಗದು. 2016ರಲ್ಲಿ ಪ್ರಕಟವಾದ ಲೆಕ್ಕದಂತೆ 2015ರಲ್ಲಿ ಆ ದೇಶದ ಜಿಡಿಪಿ ಶೇಕಡಾ 26.3ರಷ್ಟು ಬೆಳೆದಿತ್ತು, ಬಹುರಾಷ್ಟ್ರೀಯ ಕಂಪನಿಗಳು ತಮ್ಮ ಬೌದ್ಧಿಕ ಆಸ್ತಿಯನ್ನು ಅಲ್ಲಿಗೆ ವರ್ಗಾಯಿಸಿದ್ದೇ ಅದಕ್ಕೆ ದೊಡ್ಡ ಕಾರಣ. ಐರಿಷ್ ಅಂಕಿಅಂಶ ಕಚೇರಿಯೇ ಮುಂದೆ ತನ್ನ ರಾಷ್ಟ್ರೀಯ ಆದಾಯಕ್ಕೆ ಪರಿಷ್ಕೃತ ಅಳತೆಯೊಂದನ್ನು ರೂಪಿಸಿಕೊಂಡಿತು. ಯೂರೋಸ್ಟಾಟ್‌ನ ಹೋಲಿಕೆಯ ಕೋಷ್ಟಕ ಮಾತ್ರ ಜಿಡಿಪಿಯನ್ನೇ ಆಧರಿಸಿದೆ. ಏಕರೂಪದ ನಿಯಮಕ್ಕೆ ಅದು ತೆರುವ ಬೆಲೆಯೆಂದು ನಾನು ಇದನ್ನು ಒಪ್ಪುತ್ತೇನೆ.

ತಾತ್ಕಾಲಿಕ ಅಂಕಿ, ಅಂದಾಜು, ಅಳೆಯುವ ವಿಧಾನ ಬದಲಾಗಿ ಸರಣಿ ಕಡಿದ ಜಾಗ ಇವೆಲ್ಲಕ್ಕೂ ಅಕ್ಷರದ ಗುರುತುಗಳಿರುವುದು ಈ ಸೇವೆಯ ಪ್ರಾಮಾಣಿಕತೆ. ಪುಟಗಳು ಇಂಗ್ಲಿಷ್, ಫ್ರೆಂಚ್, ಜರ್ಮನ್ ಭಾಷೆಗಳಲ್ಲಿವೆ. 1995ರಲ್ಲಿ ಅಮೆರಿಕದ ಶೇಕಡಾ 95ರಷ್ಟಿದ್ದ ಒಕ್ಕೂಟದ ಉತ್ಪಾದಕತೆ ಈಗ ಶೇಕಡಾ 80ಕ್ಕಿಂತ ಕೆಳಗಿದೆ ಎಂದು ಯುರೋಪಿಯನ್ ಕೇಂದ್ರೀಯ ಬ್ಯಾಂಕಿನ ಮಾಜಿ ಅಧ್ಯಕ್ಷ ಮಾರಿಯೊ ದ್ರಾಘಿಯವರ 2024ರ ವರದಿ ಎಚ್ಚರಿಸಿತಲ್ಲ, ಅಂಥ ಖಂಡಾಂತರದ ಹೋಲಿಕೆಗೆ ಬಹುಪಾಲು ಶ್ರೀಮಂತ ದೇಶಗಳ ಸಂಘಟನೆಯಾದ ಒಇಸಿಡಿಯ ಕೋಷ್ಟಕಗಳೇ ಹೆಚ್ಚು ಅನುಕೂಲ. ಒಕ್ಕೂಟದ ಒಳಗಿನ ಲೆಕ್ಕಕ್ಕೆ ನಾನು ಯೂರೋಸ್ಟಾಟನ್ನೇ ತೆರೆಯುತ್ತೇನೆ.