ಓಡುವ ಮನೆಯಲ್ಲಿ ಬೆಕ್ಕು: ಪೆಟ್ಟಿಗೆಯೋ, ಬ್ಯಾಗೋ, ಬೆಲ್ಟೋ?

ಮೊದಲ ಪ್ರಯಾಣದಲ್ಲಿ ನಮ್ಮ ಬೆಕ್ಕು ಚುಕ್ಕಿಯನ್ನು ಗಾಡಿಯೊಳಗೆ ಸುಮ್ನೆ ಬಿಟ್ಟಿದ್ದೆವು. ಕ್ಯಾಂಪರ್ ವ್ಯಾನ್ ಅಂದರೆ ಮನೆಯೇ ಅಲ್ವಾ, ಮನೆಯಲ್ಲಿ ಇರುವ ಹಾಗೇ ಇರಲಿ ಅಂತ. ಹೊರಟು ಇಪ್ಪತ್ತು ನಿಮಿಷ ಆಗಿರಲಿಲ್ಲ. ಬ್ರೇಕ್ ಒತ್ತಲು ಹೋದೆ, ಪಾದಕ್ಕೆ ಏನೋ ಮೆತ್ತಗೆ ತಾಗಿತು. ಪೆಡಲಿನ ಹಿಂದೆ ಮುದುಡಿಕೊಂಡು ಕೂತಿದ್ದಳು. ರಸ್ತೆ ಖಾಲಿ ಇತ್ತು, ವೇಗವೂ ಕಡಿಮೆ ಇತ್ತು. ಹ್ಯಾಂಡ್‌ಬ್ರೇಕ್ ಎಳೆದು ಗಾಡಿ ನಿಲ್ಲಿಸುವಷ್ಟರಲ್ಲಿ ಜೀವ ಬಾಯಿಗೆ ಬಂದಿತ್ತು. ಹೆದರಿದ ಬೆಕ್ಕು ಕತ್ತಲೆಯ ಸಂದಿ ಹುಡುಕುತ್ತದೆ. ಗಾಡಿಯಲ್ಲಿ ಅಂಥ ಒಳ್ಳೆಯ ಸಂದಿ ಇರುವುದು ಓಡಿಸುವವರ ಕಾಲ ಬುಡದಲ್ಲೇ.

ಬಿಟ್ಟುಕೊಂಡು ಓಡಿಸುವ ಯೋಚನೆ ಅವತ್ತೇ ಮುಗಿಯಿತು. ಆಮೇಲೆ ಎರಡು ವರ್ಷದಲ್ಲಿ ನಾಲ್ಕು ಬಗೆ ಪ್ರಯತ್ನಿಸಿದೆ: ಹಾರ್ನೆಸ್ (ಎದೆಗೆ ಸುತ್ತಿ ಕಟ್ಟುವ ಪಟ್ಟಿ) ಜೊತೆ ಬೆಲ್ಟ್, ಬಟ್ಟೆಯ ಬ್ಯಾಗ್, ಮಡಚುವ ತಂತಿ ಪಂಜರ, ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆ. ಚುಕ್ಕಿಯ ತೂಕ 4.5 ಕಿಲೋ, ಸ್ವಭಾವ ಅಂಜುಬುರುಕ. ನಿಮ್ಮ ಬೆಕ್ಕು ಧೈರ್ಯದ್ದಾಗಿದ್ದರೆ ಕೆಲವು ಮಾತು ಬದಲಾಗಬಹುದು.

ಬೆಲ್ಟ್ ಬಹಳ ಬೇಗ ಸೋತಿತು. ಎದೆಗೆ ಹಾರ್ನೆಸ್ ಹಾಕಿ, ಅದರ ಪಟ್ಟಿಯನ್ನು ಸೀಟ್ ಬೆಲ್ಟಿಗೆ ಸಿಕ್ಕಿಸಿದ್ದೆ. ಒಂದು ತಿರುವಿನಲ್ಲಿ ಸೀಟಿನಿಂದ ಕೆಳಗೆ ಹಾರಿದಳು. ಪಟ್ಟಿ ನೆಲ ಮುಟ್ಟುವಷ್ಟು ಉದ್ದ ಇರಲಿಲ್ಲ. ಅರ್ಧದಲ್ಲೇ ನೇತಾಡಿದಳು. ಪಟ್ಟಿ ಗಿಡ್ಡ ಮಾಡಿದೆ. ಆಗ ಹಿಂದಕ್ಕೆ ಸರಿದು, ಮುಂಗಾಲು ಮಡಚಿ, ಹಾರ್ನೆಸ್‌ನಿಂದಲೇ ಜಾರಿಕೊಂಡಳು. ನಾಯಿಗೆ ಸರಿಹೋಗುವ ಉಪಾಯ ಬೆಕ್ಕಿನ ಮೈಗೆ ಒಗ್ಗುವುದಿಲ್ಲ. ಬೆಕ್ಕಿನ ಹೆಗಲ ಮೂಳೆ ನಮ್ಮ ಹಾಗೆ ಗಟ್ಟಿಯಾಗಿ ಜೋಡಣೆಯಾಗಿಲ್ಲ, ತಲೆ ಹೋದ ಕಡೆ ಮೈಯೂ ತೂರುತ್ತದೆ. ಹಾರ್ನೆಸ್ ಈಗಲೂ ನಮ್ಮಲ್ಲಿದೆ, ಆದರೆ ಗಾಡಿ ನಿಂತ ಮೇಲೆ ಮಾತ್ರ. ಕುತ್ತಿಗೆಯ ಪಟ್ಟಿಗೆ ಬೆಲ್ಟ್ ಕಟ್ಟುವುದನ್ನಂತೂ ಯಾವತ್ತೂ ಮಾಡಬೇಡಿ.

ಬಟ್ಟೆಯ ಬ್ಯಾಗ್ ಚುಕ್ಕಿಗೆ ತುಂಬಾ ಇಷ್ಟ. ಮೆತ್ತಗಿದೆ, ಬೆಚ್ಚಗಿದೆ, ಬೇಡದಾಗ ಮಡಚಿ ಮಂಚದ ಕೆಳಗೆ ತಳ್ಳಬಹುದು. ಅದರಲ್ಲಿ ಅವಳು ಮೊದಲ ದಿನವೇ ನಿದ್ದೆ ಮಾಡಿದಳು. ತೊಂದರೆ ಶುರುವಾಗಿದ್ದು ಜಿಪ್‌ನಿಂದ. ಎರಡು ಜಿಪ್ ಸೇರುವ ಮೂಲೆಗೆ ಮೂಗು ಒತ್ತಿ, ಉಗುರು ತೂರಿಸಿ, ಒಂದಿಂಚು ಸಂದಿ ಮಾಡಿಕೊಂಡರೆ ಸಾಕು, ಉಳಿದದ್ದನ್ನು ತಲೆಯೇ ಮಾಡುತ್ತದೆ. ಎರಡೂ ಜಿಪ್‌ಗೆ ಸೇರಿಸಿ ಒಂದು ಸಣ್ಣ ಕೊಂಡಿ ಹಾಕಿದ ಮೇಲೆ ಆ ಕಾಟ ತಪ್ಪಿತು. ತಪ್ಪದ್ದು ಇನ್ನೊಂದು: ಒಮ್ಮೆ ಒಳಗೆ ಉಚ್ಚೆ ಹೊಯ್ದಳು, ಬಟ್ಟೆ ಮತ್ತು ಸ್ಪಂಜು ಎರಡೂ ಹೀರಿಕೊಂಡವು. ಮೂರು ಸಲ ತೊಳೆದರೂ ವಾಸನೆ ಹೋಗಲಿಲ್ಲ.

ಅದಕ್ಕಿಂತ ದೊಡ್ಡ ಚಿಂತೆ ಗುದ್ದಿಕೊಂಡರೆ ಏನು ಅನ್ನುವುದು. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುವ ಗಾಡಿ ಅರ್ಧ ಮೀಟರಿನಲ್ಲಿ ನಿಂತುಬಿಟ್ಟರೆ, ಒಳಗಿರುವ ಎಲ್ಲದರ ಮೇಲೂ ಅದರ ತೂಕದ ಸುಮಾರು 20 ಪಟ್ಟು ಬಲ ಬೀಳುತ್ತದೆ. ನನ್ನ 4.5 ಕಿಲೋ ಚುಕ್ಕಿ ಆ ಕ್ಷಣಕ್ಕೆ 90 ಕಿಲೋ ಆಗುತ್ತಾಳೆ. ಹೊಲಿಗೆ ಮತ್ತು ಜಿಪ್ ಅದನ್ನು ತಡೆಯುತ್ತವೆ ಅಂತ ನನಗೆ ನಂಬಿಕೆ ಬರಲಿಲ್ಲ. ಅಪಘಾತ ಪರೀಕ್ಷೆಯಲ್ಲಿ ಪಾಸಾದ ಬಟ್ಟೆ ಬ್ಯಾಗ್‌ಗಳೂ ಇವೆ. ನನ್ನದು ಅಂಥದ್ದಲ್ಲ.

ತಂತಿ ಪಂಜರದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಳಗೆ ಹಾಸಿಗೆ, ನೀರು, ಮರಳಿನ ತಟ್ಟೆ ಎಲ್ಲವೂ ಹಿಡಿಸುತ್ತವೆ, ಅದೇ ಅದರ ಆಕರ್ಷಣೆ. ಆದರೆ ದಾರಿಯುದ್ದಕ್ಕೂ ಗಲಗಲ ಸದ್ದು. ಜೋರು ಬ್ರೇಕ್ ಹಾಕಿದರೆ ತಟ್ಟೆ ಜಾರಿ ಬೆಕ್ಕಿಗೇ ಬಡಿಯುತ್ತದೆ.

ಗಟ್ಟಿ ಪೆಟ್ಟಿಗೆ ನಾನು ಕೊನೆಗೆ ತಂದದ್ದು, ಯಾಕೆಂದರೆ ಚುಕ್ಕಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ಪೆಟ್ಟಿಗೆ ಕಂಡರೆ ಡಾಕ್ಟರ ಸೂಜಿ ಅಂತ ಅವಳ ಲೆಕ್ಕ. ಹಾಗಾಗಿ ಬಾಗಿಲು ಕಳಚಿ, ಮೂರು ವಾರ ಮನೆಯ ಮೂಲೆಯಲ್ಲಿ ಇಟ್ಟೆ. ಊಟದ ಬಟ್ಟಲು ಮೊದಲು ಹೊಸ್ತಿಲಲ್ಲಿ, ಆಮೇಲೆ ಒಳಗೆ. ಹತ್ತನೇ ದಿನ ಊಟ ಮುಗಿದರೂ ಹೊರಗೆ ಬರಲಿಲ್ಲ. ಮುಂಗಾಲು ಎದೆಯ ಕೆಳಗೆ ಮಡಚಿ ಅಲ್ಲೇ ಕಣ್ಣು ಮುಚ್ಚಿದಳು. ಅವತ್ತು ನನಗಾದ ಖುಷಿ ಅಷ್ಟಿಷ್ಟಲ್ಲ.

ಕೊಳ್ಳುವುದಾದರೆ ಮೇಲಿನಿಂದಲೂ ತೆರೆಯುವಂಥದ್ದು, ಎರಡು ಅರ್ಧ ಬೇರೆಯಾಗುವಂಥದ್ದು ನೋಡಿ. ಹೆದರಿದ ಬೆಕ್ಕನ್ನು ಎಳೆದು ತೆಗೆಯುವ ಬದಲು ಮೇಲಿನ ಅರ್ಧ ಕಳಚಿದರೆ ಡಾಕ್ಟರು ಅಲ್ಲೇ ಪರೀಕ್ಷೆ ಮಾಡಬಹುದು. ನಾನು ಅದನ್ನು ಮುಂದಿನ ಸೀಟಿನ ಹಿಂದೆ ನೆಲದ ಮೇಲೆ, ಅಲುಗಾಡದ ಹಾಗೆ ಬಿಗಿಯಾಗಿ ಕೂರಿಸುತ್ತೇನೆ. ಸೀಟಿನ ಮೇಲಿಟ್ಟು ಬೆಲ್ಟ್ ಬಿಗಿಯುವುದು ಸುರಕ್ಷಿತ ಅಂತ ತೋರುತ್ತದೆ, ಆದರೆ ಅದಕ್ಕಾಗಿ ಪರೀಕ್ಷೆಯಾಗದ ಪೆಟ್ಟಿಗೆಯನ್ನು ಬೆಲ್ಟೇ ಹಿಸುಕಿ ಒಡೆಯಬಹುದು. ಮೇಲೆ ತೆಳು ಬಟ್ಟೆ ಹೊದಿಸಿದರೆ ಕೂಗು ಅರ್ಧ ಕಡಿಮೆ. ಗಾಳಿಯಾಡಲು ಒಂದು ಬದಿ ತೆರೆದಿರಲಿ. ಹೊರಡುವ ಮೂರ್ನಾಲ್ಕು ಗಂಟೆ ಮೊದಲೇ ಊಟ ಮುಗಿಸಿದರೆ ವಾಂತಿಯೂ ಕಡಿಮೆ.

ನನ್ನ ಮನಸ್ಸು ಪೂರ್ತಿ ಪೆಟ್ಟಿಗೆಯ ಕಡೆ ವಾಲಿದ್ದು ಗಾಡಿ ಕೆಟ್ಟ ದಿನ. ಬಾನೆಟ್‌ನಿಂದ ಹೊಗೆ ಬಂತು, ಎರಡೇ ನಿಮಿಷದಲ್ಲಿ ಎಲ್ಲರೂ ಇಳಿಯಬೇಕಾಯಿತು. ಬೆಕ್ಕು ಬಿಡುಬೀಸಾಗಿದ್ದರೆ ಮಂಚದ ಕೆಳಗಿನ ಸಂದಿಯಿಂದ ಅವಳನ್ನು ತೆಗೆಯಲು ಆಗುತ್ತಿರಲಿಲ್ಲ. ಪೆಟ್ಟಿಗೆಯಲ್ಲಿದ್ದಳು, ಹಿಡಿಕೆ ಹಿಡಿದು ಎತ್ತಿದೆ, ಇಳಿದೆ. ಆಮೇಲೆ ಎಳೆದೊಯ್ಯುವ ಗಾಡಿಯಲ್ಲಿ ನನ್ನ ತೊಡೆಯ ಮೇಲೆ, ರಾತ್ರಿ ಗೊತ್ತಿಲ್ಲದ ಕೋಣೆಯಲ್ಲಿ, ಅದೇ ಪೆಟ್ಟಿಗೆ ಅವಳ ಮನೆಯಾಗಿತ್ತು.

ಗಾಡಿ ನಿಂತ ಮೇಲೆ ಚುಕ್ಕಿಯನ್ನು ಬಿಡುತ್ತೇನೆ. ಅಲ್ಲಿ ಶತ್ರು ಬಾಗಿಲು. ಹೊಸ ಜಾಗದಲ್ಲಿ ಹೊರಗೆ ಜಿಗಿದ ಬೆಕ್ಕಿಗೆ ವಾಪಸ್ ಬರುವ ದಾರಿ ಗೊತ್ತಿರುವುದಿಲ್ಲ. ಬಾಗಿಲಿಗೆ ಅಯಸ್ಕಾಂತದ ಸೊಳ್ಳೆ ಪರದೆ ಹಾಕಿ ನೋಡಿದೆ, ತಲೆಯಿಂದ ಸಲೀಸಾಗಿ ತಳ್ಳಿ ದಾಟಿದಳು. ಈಗ ಗಟ್ಟಿ ಜಾಲರಿಯ ಚೌಕಟ್ಟು ಇದೆ. ಗೋಡೆಯೇ ಹೊರಗೆ ಸರಿಯುವ ಸ್ಲೈಡ್-ಔಟ್ ಇರುವ ದೊಡ್ಡ ಗಾಡಿಯಾದರೆ ಅದನ್ನು ತೆರೆಯುವ, ಮುಚ್ಚುವ ಮೊದಲು ಬೆಕ್ಕು ಪೆಟ್ಟಿಗೆಯೊಳಗೆ ಇರಲೇಬೇಕು. ಆ ಯಂತ್ರದ ಸಂದಿಯಲ್ಲಿ ಸಿಕ್ಕಿಕೊಂಡರೆ ಉಳಿಯುವುದು ಕಷ್ಟ.

ಕಳೆದುಹೋದರೆ ಹುಡುಕುವ ವಸ್ತುಗಳನ್ನೂ ಹೋಲಿಸಿ ನೋಡಿದೆ. ಬ್ಲೂಟೂತ್ ಬಿಲ್ಲೆ ಜನರಿರುವ ಕಡೆ ಮಾತ್ರ ಕೆಲಸಕ್ಕೆ ಬರುತ್ತದೆ, ಯಾಕೆಂದರೆ ಹತ್ತಿರದ ಫೋನುಗಳೇ ಅದರ ಸುಳಿವು ಕೊಡಬೇಕು. ಕಾಡಿನಂಚಿನಲ್ಲಿ ಅದು ಮೂಕ. ಜಿಪಿಎಸ್ ಪಟ್ಟಿಗೆ ಮೊಬೈಲ್ ನೆಟ್‌ವರ್ಕ್ ಬೇಕು, ಚಾರ್ಜ್ ಬೇಕು, ಆದರೂ ಇದೇ ಮೇಲು. ಚರ್ಮದಡಿಯ ಮೈಕ್ರೋಚಿಪ್ ಜಾಗ ತೋರಿಸುವುದಿಲ್ಲ. ಸಿಕ್ಕ ಬೆಕ್ಕು ಯಾರದ್ದು ಅಂತ ಹೇಳುತ್ತದೆ, ಅದೂ ನೋಂದಣಿಯಲ್ಲಿ ನಿಮ್ಮ ಈಗಿನ ನಂಬರ್ ಇದ್ದರೆ. ಚಿಪ್ ಮತ್ತು ಜಿಪಿಎಸ್ ಎರಡೂ ಇರಲಿ.

ಬಿಸಿಲಿನ ವಿಷಯದಲ್ಲಿ ಮಾತ್ರ ಹೋಲಿಕೆಗೆ ಜಾಗವಿಲ್ಲ. ಮುಚ್ಚಿದ ಗಾಡಿಯೊಳಗಿನ ಶಾಖ ಮೊದಲ ಅರ್ಧ ಗಂಟೆಯಲ್ಲೇ ಜೋರಾಗಿ ಏರುತ್ತದೆ, ಕಿಟಕಿ ಎರಡು ಬೆರಳು ಇಳಿಸಿದರೂ ಹೆಚ್ಚು ವ್ಯತ್ಯಾಸ ಆಗುವುದಿಲ್ಲ. ಒಮ್ಮೆ ಎಸಿ ಇದೆ ಅಂತ ಚುಕ್ಕಿಯನ್ನು ಗಾಡಿಯಲ್ಲೇ ಬಿಟ್ಟುಹೋದೆ, ಕರೆಂಟ್ ಹೋಯಿತು. ನಾನು ಬಂದಾಗ ಚುಕ್ಕಿ ಬಾಯಿ ತೆರೆದು ಏದುಸಿರು ಬಿಡುತ್ತಿದ್ದಳು. ಬೆಕ್ಕು ಹಾಗೆ ಉಸಿರಾಡಿದರೆ ಅಪಾಯ ಅಂತಲೇ ಅರ್ಥ. ನೆರಳಿಗೆ ತಂದು, ಒದ್ದೆ ಬಟ್ಟೆಯಿಂದ ಒರೆಸುತ್ತಾ, ನೇರ ಡಾಕ್ಟರ ಹತ್ತಿರ ಓಡಿದೆವು. ಬದುಕಿದಳು. ಈಗ ಒಳಗಿನ ಉಷ್ಣತೆ 27 ಡಿಗ್ರಿ ದಾಟಿದರೆ ಫೋನಿಗೆ ಸಂದೇಶ ಕಳಿಸುವ ಸಣ್ಣ ಸಾಧನ ಗೋಡೆಯಲ್ಲಿದೆ. ಅದಿದ್ದರೂ, ಬಿಸಿಲಿರುವ ದಿನ ನಮ್ಮಲ್ಲಿ ಒಬ್ಬರು ಗಾಡಿಯಲ್ಲೇ ಇರುತ್ತೇವೆ.