ಹಳೆ ಕಾರಿನ ಭಾಗಗಳನ್ನು ಕಾಸ್ಟಿಕ್ ಸೋಡಾ ತೊಟ್ಟಿಗೆ ಕೊಡುವ ಮೊದಲು ಇದನ್ನು ಓದಿ

ಮನೆಯಲ್ಲಿ ಹಳೆ ಕಾರು ಬಿಚ್ಚಿಟ್ಟುಕೊಂಡವರು ದಯವಿಟ್ಟು ಪೂರ್ತಿ ಓದಿ. ಒಂದೇ ರಾತ್ರಿಯಲ್ಲಿ ನನ್ನ ಕಾರಿನ ಸಿಲಿಂಡರ್ ಹೆಡ್ಡೂ (ಎಂಜಿನ್ನಿನ ಮೇಲ್ಭಾಗದ ಮುಚ್ಚಳ) ಹೋಯಿತು, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರೂ ಹೋಯಿತು. 50 ವರ್ಷ ಓಡಿ ಸವೆದು ಹೋದದ್ದಲ್ಲ. ತೊಳೆಯಲು ಕೊಟ್ಟು ಹೋದದ್ದು.

ಕಾರು 1968ರ ಫಿಯಟ್ 1100 ಡಿಲೈಟ್. ಅಜ್ಜ ಅಡಿಕೆ ದುಡ್ಡಿನಲ್ಲಿ ತೆಗೆದದ್ದು. ಕಾಸರಗೋಡಿನ ಪೆರ್ಲದ ಹತ್ತಿರ ನಮ್ಮ ಮನೆಯ ಕೊಟ್ಟಿಗೆಯಲ್ಲಿ ತುಂಬಾ ವರ್ಷ ಟಾರ್ಪಾಲಿನ ಅಡಿ ನಿಂತಿತ್ತು. ಹೋದ ವರ್ಷ ಊರಿನ ಮೆಕ್ಯಾನಿಕ್ ಒಬ್ಬರು ಎಂಜಿನ್ ಬಿಚ್ಚಿಕೊಟ್ಟರು. ಹೆಡ್ ಮೇಲೆ ಎರಡು ಬೆರಳು ದಪ್ಪ ಎಣ್ಣೆ ಮಸಿ. ಆದರೆ ಒಳಗೆ ಎಲ್ಲವೂ ಚೆನ್ನಾಗಿತ್ತು. "ತೊಳೆದು ಕೂರಿಸಿದರೆ ಸಾಕು" ಅಂದರು.

ಆ ತೊಳೆಯುವ ಕೆಲಸಕ್ಕೆ ಪೇಟೆಯ ಒಂದು ವರ್ಕ್‌ಶಾಪಿಗೆ ಹೋದೆ. ಲಾರಿ ಎಂಜಿನ್ ತೊಳೆಯುವುದರಲ್ಲಿ ಅವರಿಗೆ ಒಳ್ಳೆ ಹೆಸರು. ಎಲ್ಲ ಭಾಗಗಳನ್ನೂ ಒಂದೇ ಗೋಣಿಯಲ್ಲಿ ತುಂಬಿ ಕೊಟ್ಟೆ. ಯಾವುದು ಯಾವ ಲೋಹ ಅಂತ ನಾನು ಹೇಳಲಿಲ್ಲ, ಅವರು ಕೇಳಲಿಲ್ಲ. "ಒಂದು ರಾತ್ರಿ ನೆನೆಯಲಿ, ಹೊಸದರ ಹಾಗೆ ಆಗುತ್ತದೆ" ಅಂದರು.

ಮರುದಿನ ಬೆಳಿಗ್ಗೆ ಹೋದಾಗ ತೊಟ್ಟಿಯಲ್ಲಿ ಇನ್ನೂ ನೊರೆ ಏಳುತ್ತಿತ್ತು. ಹತ್ತಿರ ಹೋದರೆ ಗಂಟಲು ಕೆರೆಯುವ ಆವಿ. ಕೊಕ್ಕೆ ಹಾಕಿ ಹೆಡ್ ಎತ್ತಿದರು. ಕಪ್ಪು ಬಣ್ಣ. ನೀರು ಹೊಯ್ದು ಬಟ್ಟೆಯಲ್ಲಿ ಒರೆಸಿದಾಗ ಬಟ್ಟೆ ತುಂಬಾ ಮಸಿ. ಗ್ಯಾಸ್ಕೆಟ್ (ಸೋರದ ಹಾಗೆ ನಡುವೆ ಇಡುವ ತೆಳು ಹಾಳೆ) ಕೂರುವ ಮುಖ ಗಾಜಿನ ಹಾಗೆ ಸಮ ಇರಬೇಕು, ಅಲ್ವಾ? ಉಗುರು ಎಳೆದು ನೋಡಿದೆ. ಮರಳು ಕಾಗದದ ಹಾಗೆ ಕೆರೆಯಿತು. ನೀರು ಹೋಗುವ ತೂತುಗಳ ಅಂಚು ಇಲಿ ಕಡಿದ ಹಾಗೆ ತಿಂದು ಹೋಗಿತ್ತು. ಕಾರ್ಬುರೇಟರಿನ ಗತಿ ಇನ್ನೂ ಕೆಟ್ಟದು. ಸ್ಕ್ರೂ ಹಾಕಿದರೆ ಹಿಡಿಯಲು ತಿರುಪಿನ ಗೆರೆಯೇ ಇರಲಿಲ್ಲ. ಒಳಗಿನ, ಪೆಟ್ರೋಲ್ ಹೋಗುವ ಸಣ್ಣ ತೂತಿನ ಹಿತ್ತಾಳೆ ಜೆಟ್‌ಗಳು ಮಾತ್ರ ಉಳಿದಿದ್ದವು.

ತೊಟ್ಟಿಯಲ್ಲಿ ಇದ್ದದ್ದು ಕಾಸ್ಟಿಕ್ ಸೋಡಾ. ಕಬ್ಬಿಣಕ್ಕೆ ಅದು ಒಳ್ಳೆಯದೇ. ಎಣ್ಣೆ, ಗ್ರೀಸು, ಹಳೆ ಪೇಂಟು ಎಲ್ಲ ಬಿಡಿಸುತ್ತದೆ, ಕಬ್ಬಿಣವನ್ನು ಮುಟ್ಟುವುದಿಲ್ಲ. ಲಾರಿಯ ಕಬ್ಬಿಣದ ಎಂಜಿನ್ ಬ್ಲಾಕ್ ತೊಳೆದು ಅಭ್ಯಾಸ ಇದ್ದವರಿಗೆ ಅದರಲ್ಲಿ ತೊಂದರೆ ಕಾಣಿಸಿರಲಿಕ್ಕಿಲ್ಲ. ಆದರೆ ಫಿಯಟ್ 1100ರಲ್ಲಿ ಬ್ಲಾಕ್ ಮಾತ್ರ ಬೀಡು ಕಬ್ಬಿಣ, ಹೆಡ್ ಅಲ್ಯುಮಿನಿಯಂ. ಕಾರ್ಬುರೇಟರಿನ ಮೈ ಸತುವು ಬೆರೆತ ಎರಕ. ಅಲ್ಯುಮಿನಿಯಂ ಮೇಲೆ ತೆಳ್ಳಗಿನ ಒಂದು ಪದರ ಇರುತ್ತದೆ. ಅದನ್ನು ಕಾಯುವುದೇ ಆ ಪದರ. ಕಾಸ್ಟಿಕ್ ಮೊದಲು ಅದನ್ನು ಕರಗಿಸಿ ಆಮೇಲೆ ಲೋಹವನ್ನೇ ತಿನ್ನುತ್ತದೆ. ಸತುವನ್ನೂ ಬಿಡುವುದಿಲ್ಲ. ಆಗ ಏಳುವ ಗುಳ್ಳೆ ಹೈಡ್ರೋಜನ್. ಹತ್ತಿರ ಯಾರಾದರೂ ಬೀಡಿ ಹಚ್ಚಿದರೆ ಬೆಂಕಿ ಹತ್ತಿಕೊಳ್ಳಬಹುದು.

ಮನೆಗೆ ತಂದಾಗ ಅಮ್ಮ ನೋಡಿದ ಕೂಡಲೇ ಕೇಳಿದರು, "ಅಲ್ಯುಮಿನಿಯಂ ಪಾತ್ರೆಗೆ ಸೋಡಾ ಹಾಕಿದರೆ ಕಪ್ಪಾಗುವುದಿಲ್ಲವಾ?" ಹೌದಲ್ಲ! ನಮ್ಮ ತೋಟದವರಿಗೆ ಇದು ಗೊತ್ತಿಲ್ಲದ್ದೇನೂ ಅಲ್ಲ. ಅಡಿಕೆಗೆ ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಬಿಡುವಾಗ ಮೈಲುತುತ್ತನ್ನು ಕಬ್ಬಿಣದ ಪಾತ್ರೆಯಲ್ಲಿ ಯಾರೂ ಕರಗಿಸುವುದಿಲ್ಲ. ಪಾಕ ಸರಿಯಾಯಿತಾ ಅಂತ ನೋಡಲು ಹೊಳೆಯುವ ಕತ್ತಿ ಅದ್ದುತ್ತೇವೆ. ಕತ್ತಿಗೆ ಕೆಂಪು ಹಿಡಿದರೆ ಸುಣ್ಣ ಸಾಲದು ಅಂತ ಅರ್ಥ. ಯಾವ ದ್ರವ ಯಾವ ಲೋಹಕ್ಕೆ ಆಗುವುದಿಲ್ಲ ಅಂತ ಪ್ರತಿ ಮಳೆಗಾಲ ಕಣ್ಣಲ್ಲೇ ನೋಡುತ್ತೇವೆ. ಕಾರಿನ ವಿಷಯ ಬಂದಾಗ ನನಗೆ ಅದು ನೆನಪಿಗೇ ಬರಲಿಲ್ಲ. ಅದೇ ಬೇಸರ.

ಆದ್ದರಿಂದ ಕೊಡುವ ಮೊದಲು ಒಂದು ಅಯಸ್ಕಾಂತ ತೆಗೆದುಕೊಳ್ಳಿ. ಹಳೆ ಸ್ಪೀಕರಿನದ್ದಾದರೂ ಸಾಕು. ಪ್ರತಿ ಭಾಗಕ್ಕೂ ಮುಟ್ಟಿಸಿ. ಅಂಟಿದ್ದು ಒಂದು ಬುಟ್ಟಿಗೆ, ಅಂಟದ್ದು ಇನ್ನೊಂದಕ್ಕೆ. ಅಂಟದ್ದನ್ನು ಕಾಸ್ಟಿಕ್‌ಗೂ ಆಸಿಡ್‌ಗೂ ಕೊಡಲೇಬೇಡಿ. ಸೀಮೆ ಎಣ್ಣೆ ಅಥವಾ ಡೀಸೆಲ್‌ನಲ್ಲಿ ಎರಡು ದಿನ ನೆನೆಸಿ, ಹಳೆ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ. ಗ್ಯಾಸ್ಕೆಟ್ ಮುಖವನ್ನು ಮರದ ಚಕ್ಕೆಯಿಂದ ಕೆರೆಯಿರಿ, ಉಳಿ ಬೇಡ. ನಿಧಾನದ ಕೆಲಸ, ಆದರೆ ಲೋಹ ಉಳಿಯುತ್ತದೆ. ಜೆಟ್ ತೂತಿಗೆ ಸೂಜಿ, ತಂತಿ ತೂರಿಸಬೇಡಿ. ಸೋಲೆಕ್ಸ್ ಕಂಪನಿಯ ಕಾರ್ಬುರೇಟರಿನ ಮೇನ್ ಜೆಟ್ ಮೇಲೆ 120 ಅಂತ ಇದ್ದರೆ ತೂತು 1.20 ಮಿಲಿಮೀಟರ್ ಅಂತ. ಉಕ್ಕಿನ ತಂತಿ ಆ ಹಿತ್ತಾಳೆಯನ್ನು ಸುಲಭವಾಗಿ ಕೊರೆಯುತ್ತದೆ, ಆಮೇಲೆ ಪೆಟ್ರೋಲ್ ಜಾಸ್ತಿ ಹೋಗುತ್ತದೆ. ಗಾಳಿ ಹೊಡೆದೇ ಬಿಡಿಸಿ.

ಅಂಟಿದ್ದರಲ್ಲೂ ಒಂದು ಅಪಾಯ ಇದೆ. ನನ್ನ ವಾಲ್ವ್ ಸ್ಪ್ರಿಂಗುಗಳನ್ನು ಅವರು ತುಕ್ಕು ಬಿಡಿಸಲು ಆಸಿಡ್‌ನಲ್ಲಿ ಹಾಕಿದ್ದರು. ಬೆಳ್ಳಿಯ ಹಾಗೆ ಹೊಳೆಯುತ್ತಾ ಬಂದವು. ಆದರೆ ಗಟ್ಟಿ ಉಕ್ಕಿನೊಳಗೆ ಹೈಡ್ರೋಜನ್ ಸೇರಿಕೊಂಡರೆ ಅದು ಪೆಡಸಾಗುತ್ತದೆ. ಓಡುವಾಗ ಫಕ್ಕನೆ ತುಂಡಾಗಬಹುದು. ಅವನ್ನು ನಾನು ಹಾಕಲಿಲ್ಲ. ಬ್ರೇಕ್ ಡ್ರಮ್ಮುಗಳನ್ನೂ ಆಸಿಡ್‌ನಲ್ಲೇ ತೊಳೆದಿದ್ದರು. ನಮ್ಮ ಜುಲೈ ಮಳೆಗೆ ಒಂದೇ ರಾತ್ರಿಯಲ್ಲಿ ಮತ್ತೆ ಕೆಂಪು ತುಕ್ಕು ಹತ್ತಿತು.

ವರ್ಕ್‌ಶಾಪಿನವರು ತೊಳೆದ ದುಡ್ಡು ತೆಗೆದುಕೊಳ್ಳಲಿಲ್ಲ, ಅಷ್ಟೇ. ಹೆಡ್ ಮುಖ ಮೆಷಿನ್ನಿನಲ್ಲಿ ಕೆರೆಸಿ ಸಮ ಮಾಡಬಹುದಾ ಅಂತ ಮಂಗಳೂರಿನಲ್ಲಿ ತೋರಿಸಿದೆ. ಗುಂಡಿ ಆಳ ಇದೆ, ಅಷ್ಟು ತೆಗೆದರೆ ಕಂಪ್ರೆಷನ್ (ಎಂಜಿನ್ ಒಳಗಿನ ಒತ್ತಡ) ಏರುತ್ತದೆ, ಆಗುವುದಿಲ್ಲ ಅಂದರು. ಇದರ ನಂತರ ಬಂದ ಪದ್ಮಿನಿ ಕಾರಿನದ್ದೂ ಇದೇ 1089 ಸಿಸಿ ಎಂಜಿನ್. ಮುಂಬೈಯಲ್ಲಿ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರಿಗೆ ನಿಂತೇ ಹೋದವು. ಹಾಗಾಗಿ ಹೆಡ್ ಗುಜರಿಯಲ್ಲೂ ಸುಲಭವಾಗಿ ಸಿಗುತ್ತಿಲ್ಲ. ಕಾರ್ಬುರೇಟರ್ ಮಾತ್ರ ಹೇಗೋ ಒಂದು ಸಿಕ್ಕಿದೆ.

ಬದಿಯಡ್ಕ, ನೀರ್ಚಾಲು, ಮುಳ್ಳೇರಿಯ ಕಡೆ ಯಾರ ಅಟ್ಟದಲ್ಲಾದರೂ ಹಳೆ ಫಿಯಟ್ ಹೆಡ್ ಇದ್ದರೆ ತಿಳಿಸಿ. ತೊಳೆಯಬೇಡಿ. ಎಣ್ಣೆ ಮಸಿ ಇದ್ದ ಹಾಗೆಯೇ ಬಂದು ತೆಗೆದುಕೊಂಡು ಹೋಗುತ್ತೇನೆ.